ಚಕ್ಕೋತದ ಮೂರು ತೊಳೆ

ಆದಿವಾಲ,
17-11-2024, ಭಾನುವಾರ

ಮಗಳು ಮೌನಿಕಾಳಿಗೆ ತಾಯಿಯ ಆಶೀರ್ವಾದ.

ಹೇಗಿದ್ದೀಯ? ಪತ್ರದ ಮೊದಲಿಗೆ ಎಲ್ಲರೂ ಕೇಳುವ ಹಾಗೆ ಕೇಳುತ್ತಿಲ್ಲ, ನನಗೆ ಉತ್ತರ ಬೇಕು. ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಯಾರೋ ಕೈಯೂರಿ ನಿಂತ ಹಾಗಾಗುತ್ತದೆ ಅಂದಿದ್ದೆಯಲ್ಲ, ಈಗಲೂ ಹಾಗೇ ಇದೆಯೇ? ತುಂಬಿದ ಕೊಡ ಎತ್ತುವುದನ್ನು ಬಿಟ್ಟಿದ್ದೀಯ ತಾನೆ? ನಿನ್ನ ಮಗಳು ಪ್ರೀತಿಯ ಕೆಮ್ಮು ವಾಸಿಯಾಯಿತೇ? ಮೊಮ್ಮಗಳು ಹಟ ಮಾಡುತ್ತಾಳೆ ಎಂದು ಸಂಜೆ ಹೊತ್ತು ಮೊಸರು ಕೊಡಬೇಡ. ಅಳಿಯಂದಿರಿಗೆ ಸ್ಟೇಷನ್ನಿನಲ್ಲಿ ಕೆಲಸ ಹೆಚ್ಚಾಗಿದೆ ಎಂದು ನಿನ್ನ ತಮ್ಮ ರಂಗೇಶ್ ಹೇಳಿದ. ಅವರನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಜಯಕ್ಕನವರಿಗೆ ಕಿವಿ ಇನ್ನೂ ಮಂದವಾಗಿದೆಯಂತೆ. ನಾನು ವಿಚಾರಿಸಿದೆ ಎಂದು ಹೇಳು.

ಫೋನ್ ಇರುವಾಗ ಅಮ್ಮ ಯಾಕೆ ಪತ್ರ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸುತ್ತದೆ. ಫೋನಿನಲ್ಲಿ ನಾನು ಮಾತ್ರೆ ಎಂದ ಕೂಡಲೇ "ಆಮೇಲೆ ಮಾಡ್ತೀನಿ ಕಣಮ್ಮ" ಎಂದು ನೀನು ಇಟ್ಟುಬಿಡುತ್ತೀಯ. ನಿನ್ನನ್ನೇ ಯಾಕೆ ದೂರಲಿ, ನಾನೂ ಇಟ್ಟಿದ್ದೇನೆ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹಿರಿಯೂರಿನ ಹೈಸ್ಕೂಲಿನಲ್ಲಿ ನನ್ನ ಅಕ್ಷರವನ್ನು ಬೇರೆಯವರಿಗೆ ತೋರಿಸಿ ಮೇಷ್ಟರು "ಈ ಹಟ್ಟಿ ಹುಡುಗೀನ ನೋಡಿ ಬರೆಯೋದು ಕಲೀರಿ" ಅನ್ನುತ್ತಿದ್ದರು. ಆ ಅಕ್ಷರ ಈಗ ಸೊಟ್ಟವಾಗಿದೆ. ಓದಿಕೋ.

ಮನೆಯ ಸುದ್ದಿ ಎಲ್ಲಾ ಒಳ್ಳೆಯದೇ. ರಂಗೇಶ್ ಕುರಿಗಳನ್ನು ಹದಿನೈದು ದಿನದಿಂದ ಕಾಲುವೆಯಾಚೆ ಬಿಡುತ್ತಿದ್ದಾನೆ, ಅಲ್ಲಿ ಶೇಂಗಾ ಕಿತ್ತ ಹೊಲಗಳು ಖಾಲಿ ಬಿದ್ದಿವೆ. ಮೊನ್ನೆ ಹುಟ್ಟಿದ ಎರಡು ಮರಿಗಳಲ್ಲಿ ಒಂದಕ್ಕೆ ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಅದು ಪ್ರೀತಿಯದು ಎಂದು ಅವನು ಈಗಾಗಲೇ ತೀರ್ಮಾನ ಮಾಡಿದ್ದಾನೆ. ನನ್ನ ಮಂಡಿನೋವು ಮಂಡಿಯಲ್ಲೇ ಇದೆ. ಚಕ್ಕೋತದ ಮರ ಈ ವರ್ಷವೂ ಕೊಂಬೆ ಬಗ್ಗುವಷ್ಟು ಬಿಟ್ಟಿದೆ. ಪ್ರತಿ ಕಾರ್ತಿಕದಲ್ಲಿ ಒಂದು ಚೀಲ ಹಣ್ಣು ನಿನಗೆ ಬರುತ್ತಿತ್ತು, ಈ ಸಲ ಬರಲಿಲ್ಲ. "ಅಮ್ಮಂಗೆ ನನ್ನ ಮೇಲೆ ಸಿಟ್ಟಾ?" ಎಂದು ರಂಗೇಶನನ್ನು ಕೇಳಿದೆಯಂತೆ. ಸಿಟ್ಟಲ್ಲ ಮಗಳೇ. ಯಾಕೆ ಕಳಿಸಲಿಲ್ಲ ಎಂದು ಹೇಳುವುದಕ್ಕೇ ಕೂತಿದ್ದೇನೆ. ನಾನು ಹೇಳುವುದನ್ನು ನಾನು ಹೇಳುವ ಕ್ರಮದಲ್ಲೇ ಓದು, ಕೊನೆಗೆ ಹಾರಬೇಡ. ಚಿಕ್ಕಂದಿನಿಂದಲೂ ನಿನಗೆ ಆ ಚಾಳಿ ಇದೆ.

ಹೋದ ತಿಂಗಳು ಅಳಿಯಂದಿರು ಫೋನ್ ಮಾಡಿದ್ದರು. ನಿನ್ನ ರಕ್ತದಲ್ಲಿ ಕೊಬ್ಬು ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದೆಯಂತೆ. ಮೂವತ್ತಮೂರು ವರ್ಷಕ್ಕೆ ಇಷ್ಟಿರುವುದು ವಂಶದಿಂದ ಬಂದದ್ದೇ ಇರಬೇಕು, ಮಾತ್ರೆ ಬಿಡದೆ ತೆಗೆದುಕೊಳ್ಳದಿದ್ದರೆ ಎದೆಯ ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂದು ದುರ್ಗದ ಡಾಕ್ಟರು ಹೇಳಿದರಂತೆ. ನೀನು ಮಾತ್ರೆಯ ಹಾಳೆಯನ್ನು ಮನೆಗೆ ತಂದು ಬಚ್ಚಲ ಮೋರಿಗೆ ಎಸೆದೆಯಂತೆ. "ನಮ್ಮಪ್ಪನ್ನ ತಿಂದ ಮಾತ್ರೆ ಅದು. ನಾನೇ ನನ್ನ ಕೈಯಾರೆ ನುಂಗಿಸಿದೀನಿ. ಈಗ ನಾನೂ ನುಂಗ್ಲಾ?" ಎಂದೆಯಂತೆ. ಆ ಮನುಷ್ಯರಿಗೆ ತಲೆಬುಡ ತಿಳಿಯಲಿಲ್ಲ. "ಅತ್ತೆ, ಮಾವಂಗೆ ಕಿಡ್ನಿ ಹೋಗಿತ್ತು ಅಂದಿದ್ರಿ. ಇದ್ಯಾವ ಮಾತ್ರೆ? ಏನಾಗಿತ್ತು ಹೇಳ್ರಿ ನಂಗೆ" ಎಂದು ಕೇಳಿದರು. ಆಗ ಫೋನ್ ಇಟ್ಟವಳು ನಾನು. ಗಂಡನ ಮನೆಯಲ್ಲಿ ಆ ಮಾತ್ರೆಯ ವಿಷಯ ಎತ್ತಬಾರದು ಎಂದು ನಿನ್ನ ಕೈಯಲ್ಲಿ ಮಾತು ತೆಗೆದುಕೊಂಡವಳೂ ನಾನೇ. ಆರು ವರ್ಷ ನೀನು ಅದನ್ನು ಒಬ್ಬಳೇ ಹೊತ್ತೆ. ಒಂದು ದಿನವೂ ನನ್ನ ಮೇಲೆ ಹಾಕಲಿಲ್ಲ.

ನೆನಪು ಮಾಡಿಕೋ. ಆ ವರ್ಷದ ಯುಗಾದಿಯ ಮಾರನೇ ದಿನ ನಿಮ್ಮಪ್ಪ ಕುರಿರೊಪ್ಪದ ಬಾಗಿಲಲ್ಲಿ ಎದೆ ಹಿಡಿದುಕೊಂಡು ಕುಳಿತರು. ದೊಡ್ಡ ಡಾಕ್ಟರು ನೋಡಿ, ಕೊಬ್ಬು ಕರಗಿಸುವ ಮಾತ್ರೆ ಬರೆದು, ಇದನ್ನು ಬಿಡಬಾರದು ಎಂದರು. ಅದು ನಿನ್ನ ಕೆಲಸವಾಯಿತು. ದಿನಾ ಊಟವಾದ ಮೇಲೆ ಲೋಟದಲ್ಲಿ ನೀರು ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆ. "ಬಾಯಿ ತೆಗಿ ಅಪ್ಪಯ್ಯ. ನಾಲಿಗೆ ಎತ್ತು. ಅಡಿಯಾಗೆ ಇಟ್ಕಂಡಿಲ್ಲ ತಾನೆ?" ಅವರು ಕಂಬಳಿ ಸರಿಸಿಕೊಂಡು ನಗುತ್ತಿದ್ದರು. "ನೋಡೇ, ಕುರಿಮರಿಗೆ ಹುಳದ ಔಷ್ದಿ ಕುಡಿಸ್ದಂಗೆ ಕುಡುಸ್ತಾಳೆ ನನ್ ಮಗ್ಳು. ಇನ್ನು ಕಿವಿಗೊಂದು ಬಣ್ಣ ಹಚ್ಚಿ ಬಿಟ್ರೆ ಆತು." ಆ ಮಾತ್ರೆಯಿಂದ ಅವರು ಚೆನ್ನಾಗಿಯೇ ಇದ್ದರು. ಏಳು ತಿಂಗಳು. ಕಾಲುವೆ ಏರಿಯ ಮೇಲೆ ಮೊದಲಿನ ಹಾಗೆ ನಡೆಯುತ್ತಿದ್ದರು. ಇದನ್ನು ಮರೆಯಬೇಡ, ಮುಂದೆ ಬೇಕಾಗುತ್ತದೆ.

ಆಗ ನಿನಗೆ ಇಪ್ಪತ್ತೇಳು. ಹೊಸದುರ್ಗದ ಕಡೆಯ ಸಂಬಂಧ ತಾಂಬೂಲದವರೆಗೆ ಬಂದು ಮುರಿಯಿತು. ಗಂಡಿನ ತಾಯಿ ನಮ್ಮ ಪಡಸಾಲೆಯಲ್ಲಿ ಕೂತು, ನನ್ನ ಕೈಯ ಕಾಫಿ ಕುಡಿದು, "ಎದೆ ಬ್ಯಾನೆ ಮನೆತನ ಅಂತಲ್ರೀ. ಇವತ್ತು ಅಪ್ಪಂಗೆ, ನಾಳೆ ಮಗಳಿಗೆ" ಎಂದಳು. ಅಂದೇ ನಾನು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಆ ಮಾತ್ರೆ ಹೊಸಿಲು ದಾಟಬಾರದು, ಅದರ ಮಾತೂ ದಾಟಬಾರದು. ನಿಮ್ಮಪ್ಪ "ಮಾತ್ರೆ ಏನ್ ಕದ್ದು ತಂದೀವೇನೇ?" ಎಂದರು. ನಾನು ನೋಡಿದ ನೋಟಕ್ಕೆ ಕಂಬಳಿ ಹೊದ್ದು ಕುರಿಗಳ ಕಡೆ ಹೋದರು.

ದಸರಾ ಹೊತ್ತಿಗೆ ಹೊಸದಾಗಿ ತಂದ ಕುರಿಗಳಿಂದ ಅವರಿಗೆ ಹುಳುಕಡ್ಡಿ ಹತ್ತಿತು. ಸೊಂಟದ ಸುತ್ತ ಬಳೆಯ ಹಾಗೆ ಕೆಂಪು ಸುತ್ತು. ಬೇರೆ ವರ್ಷವಾಗಿದ್ದರೆ ಬೇವಿನೆಣ್ಣೆ ಹಚ್ಚಿ ಬಿಡುತ್ತಿದ್ದೆವು. ಆದರೆ ಆ ಕಾರ್ತಿಕ ನಮ್ಮ ಸರದಿ. ಹಟ್ಟಿಯ ದೇವರ ಪೂಜೆ ಹನ್ನೆರಡು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತದೆ. ಮೈಮೇಲೆ ಹುಣ್ಣು, ಕಜ್ಜಿ, ಹುಳುಕಡ್ಡಿ ಇದ್ದವನು ಗರ್ಭಗುಡಿಯೊಳಗೆ ಕಾಲಿಡುವ ಹಾಗಿಲ್ಲ. ಸರದಿ ತಪ್ಪಿದರೆ ದಾಯಾದಿ ಮನೆಗೆ ಹೋಗುತ್ತದೆ. ನಾನು ಉಚ್ಚಂಗೆಮ್ಮ, ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಯಾವುದನ್ನೂ ದಾಯಾದಿಗೆ ಬಿಟ್ಟುಕೊಟ್ಟವಳಲ್ಲ. ಒಂದು ಸೋಮವಾರ ಅವರನ್ನು ಕರೆದುಕೊಂಡು ದುರ್ಗದ ಚರ್ಮದ ಡಾಕ್ಟರ ಹತ್ತಿರ ಹೋದೆ. ಅಲ್ಲಿ ಬೆಂಚಿನ ಮೇಲೆ ಜಯಕ್ಕನವರು ಸಿಕ್ಕ ಕಥೆ ನಿನಗೆ ಗೊತ್ತೇ ಇದೆ. ಅವರು ಕೈಯ ಮೇಲಿನ ಮಚ್ಚೆ ತೋರಿಸಲು ಬಂದಿದ್ದರು. ನಿನ್ನ ಜಾತಕ ಅವರ ಮನೆಯಲ್ಲಿತ್ತು. "ನಮ್ಮ ರಾಮಾಂಜನೇಯನ ಮದುವಿ ನಾನು ಡಾಕ್ಟ್ರ ಬೆಂಚಿನ ಮ್ಯಾಲೇ ಗೊತ್ತು ಮಾಡ್ಬಿಟ್ಟೆ" ಎಂದು ಅವರು ಈಗಲೂ ನೆಂಟರ ಮುಂದೆಲ್ಲ ನಗಾಡುತ್ತಾರೆ. ಏನು ನೋಡಿ ಗೊತ್ತು ಮಾಡಿದರು ಎಂದು ಯಾರೂ ಕೇಳಿಲ್ಲ.

ಡಾಕ್ಟರು ಹಚ್ಚಲು ಮುಲಾಮು ಕೊಟ್ಟರು. ನುಂಗಲು ಕ್ಯಾಪ್ಸೂಲ್ ಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ಮುಲಾಮು ಮಾತ್ರ ನಿನಗೆ ಗೊತ್ತು. ಕ್ಯಾಪ್ಸೂಲನ್ನು ನಾನು ನನ್ನ ಟ್ರಂಕಿನಲ್ಲಿ ಇಟ್ಟು ನಾನೇ ಕೊಡುತ್ತಿದ್ದೆ. ಮನೆಯಲ್ಲಿ ಇನ್ನೊಂದು ಔಷಧಿಯ ಹೆಸರು ಓಡಾಡುವುದು ಬೇಡ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಹಾಗೆ ನಿನ್ನ ಮಾತ್ರೆ ನನ್ನ ಕ್ಯಾಪ್ಸೂಲಿಗೆ ಗೊತ್ತಿರಲಿಲ್ಲ, ನನ್ನ ಕ್ಯಾಪ್ಸೂಲ್ ನಿನ್ನ ಮಾತ್ರೆಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದದ್ದು ಅವರ ಮೈಗೆ ಮಾತ್ರ. ನನಗೂ ಗೊತ್ತಿತ್ತು. ನನಗೆ ಗೊತ್ತಿದ್ದೂ ಏನು ಪ್ರಯೋಜನವಾಯಿತು?

ಹುಳುಕಡ್ಡಿ ಒಣಗಿತು. ಮೈ ಚೆನ್ನಾಗಿ ಕಾಣಿಸಿತು. ಆದರೆ ಕ್ಯಾಪ್ಸೂಲನ್ನು ಮುಗಿಸಲೇಬೇಕು ಎಂದು ಡಾಕ್ಟರು ಹೇಳಿದ್ದರಿಂದ ನಿಲ್ಲಿಸಲಿಲ್ಲ. ಕಾರ್ತಿಕ ಹುಟ್ಟಿತು, ನಿಮ್ಮಪ್ಪ ಮಡಿ ಉಟ್ಟು ಗುಡಿಗೆ ಹೋದರು. ಪೂಜೆಯವನು ಒಪ್ಪತ್ತು ಇರಬೇಕು, ಮಧ್ಯಾಹ್ನ ತಾನೇ ಬೇಯಿಸಿದ ಒಂದು ಊಟ, ಉಳಿದ ಹೊತ್ತು ಹಾಲು, ಹಣ್ಣು. ಹಣ್ಣು ಎಂದರೆ ನಮ್ಮ ಮನೆಯಲ್ಲಿ ಚಕ್ಕೋತ. ಆ ಮರದ ಕಾರ್ತಿಕದ ಫಲವನ್ನು ನಾವು ಎಂದೂ ಮಾರಿದವರಲ್ಲ, ಸರದಿಯ ವರ್ಷ ಅದು ಪೂಜೆಯವನಿಗೆ ಮೀಸಲು. ದಿನಾ ಬೆಳಿಗ್ಗೆ ಅವರು ಗುಡಿಯಿಂದ ಬರುವ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕೂತು ಒಂದು ಹಣ್ಣು ಬಿಡಿಸುತ್ತಿದ್ದೆ. ದಪ್ಪ ಸಿಪ್ಪೆ, ಅದರೊಳಗೆ ಹತ್ತಿಯಂಥ ಬಿಳಿ, ಆಮೇಲೆ ಪ್ರತಿ ತೊಳೆಯ ಪೊರೆ. ಅವರಿಗೆ ಪೊರೆ ಒಂದು ಎಳೆ ಉಳಿದರೂ ಕಹಿ. ನನ್ನ ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ಕೆಂಪು ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿ, ಉಪ್ಪು ಉದುರಿಸಿ ಇಡುತ್ತಿದ್ದೆ. ಅವರು ತಿಂದು ಯಾವಾಗಲೂ ಮೂರು ತೊಳೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. "ಇವು ನಿನ್ ಪಾಲು." ನಲವತ್ತು ವರ್ಷದ ಸಂಸಾರದಲ್ಲಿ ಒಂದು ಹಣ್ಣನ್ನೂ ಪೂರ್ತಿ ತಿಂದವರಲ್ಲ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ತೊಡೆ ಹಿಡಿದುಕೊಳ್ಳುತ್ತದೆ ಎಂದರು. ಗುಡಿಯ ಮೆಟ್ಟಿಲು ಇಳಿಯುವಾಗ ಕಂಬ ಹಿಡಿದದ್ದನ್ನು ನೋಡಿದೆ. ಒಪ್ಪತ್ತಿನ ನಿಶ್ಶಕ್ತಿ ಎಂದುಕೊಂಡೆ. ಒಂದು ಹಣ್ಣಿನ ಬದಲು ಎರಡು ಬಿಡಿಸತೊಡಗಿದೆ. ಹನ್ನೆರಡನೆಯ ದಿನ ರೊಪ್ಪದ ಹತ್ತಿರ ಕಾಲು ಮಡಚಿ ದೊಪ್ಪನೆ ಕುಸಿದು ಕೂತರು. ನೀನು ಓಡಿ ಬಂದೆ. "ಅಪ್ಪಯ್ಯನ್ನ ಡಾಕ್ಟ್ರಿಗೆ ತೋರ್ಸಾಣ ಕಣಮ್ಮ" ಎಂದು ನೀನು ಅತ್ತೆ. "ಸರದಿ ಮುಗೀಲಿ, ನಡುವೆ ಗುಡಿ ಬಿಟ್ಟು ಎದ್ದೋದ್ರೆ ಹಟ್ಟಿಯೋರು ಏನಂತಾರೆ?" ಎಂದು ನಾನು ಗದರಿದೆ. ಮಾರನೆಯ ದಿನ ಅವರು ನನ್ನೊಬ್ಬಳನ್ನೇ ಹಿತ್ತಲಿಗೆ ಕರೆದು ಹೇಳಿದರು: "ಲೇ, ಒಂದಾ ಮಾಡಿದ್ರೆ ಚಾ ಕಷಾಯದಂಗೆ ಬತ್ತೈತೆ ಕಣೇ. ಹಾಲೊಂದು ಹಾಕಿದ್ರೆ ಲೋಟಕ್ಕೆ ಬಿಟ್ಕಂಡು ಕುಡೀಬೋದು." ಅಷ್ಟು ಭಯದಲ್ಲೂ ತಮಾಷೆ. ನನಗೆ ನಗು ಬರಲಿಲ್ಲ. ಮೈಯಲ್ಲಿ ಕಾವು ಜಾಸ್ತಿಯಾಗಿದೆ, ತಂಪಿಗೆ ಹಣ್ಣು ತಿನ್ನಿ ಎಂದೆ. ಆ ಬೆಳಿಗ್ಗೆ ಅವರಿಗೆ ಸೇರಲಿಲ್ಲ. ಎರಡನೆಯ ಹಣ್ಣಿನಲ್ಲಿ ನಾಲ್ಕು ತಿಂದು ಸಾಕು ಎಂದರು. ತಟ್ಟೆಯಲ್ಲಿ ಹನ್ನೊಂದು ತೊಳೆ ಉಳಿದಿತ್ತು. ನಾನು ತಟ್ಟೆ ಎತ್ತಲಿಲ್ಲ. "ಮೀಸಲು ಹಣ್ಣು ಬಿಸಾಕಾಕಾಗಲ್ಲ, ತಿನ್ರಿ" ಎಂದು ಎದುರಿಗೆ ನಿಂತೆ, ಚಿಕ್ಕ ಮಕ್ಕಳ ಮುಂದೆ ನಿಲ್ಲುವ ಹಾಗೆ. ಒಂದೊಂದೇ ತಿಂದರು. ಆದರೂ ಮೂರು ಉಳಿಸಿದರು.

ಕೊನೆಗೆ ಅವರಿಗೆ ಏಳಲೂ ಆಗದಾಗ ದಾವಣಗೆರೆಗೆ ಸೇರಿಸಿದೆವು, ಅಲ್ಲಿಂದ ಮೇಲಿನದು ನಿನಗೇ ಗೊತ್ತು. ಮಾಂಸಖಂಡ ಒಡೆದು ರಕ್ತದಲ್ಲಿ ಬೆರೆತು ಮೂತ್ರಪಿಂಡಕ್ಕೆ ಕಟ್ಟಿದೆ ಎಂದರು. ಏನು ಔಷಧಿ ಕೊಡುತ್ತಿದ್ದಿರಿ ಎಂದು ಆ ಡಾಕ್ಟರು ಕೇಳಿದಾಗ ನೀನು ಚೀಲದಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದೆ. "ಈ ಮಾತ್ರೆಯಿಂದ ಅಪರೂಪಕ್ಕೆ ಹೀಗಾಗುತ್ತದೆ. ಬೇರೆ ಏನಾದರೂ ಕೊಟ್ಟಿದ್ದಿರಾ?" ಎಂದರು. ನೀನು ಇಲ್ಲ ಎಂದೆ. ನಿನಗೆ ಗೊತ್ತಿದ್ದದ್ದು ಅಷ್ಟೇ, ನೀನು ನಿಜವನ್ನೇ ಹೇಳಿದೆ. ನಾನು ನಿನ್ನ ಹಿಂದೆ ನಿಂತಿದ್ದೆ. ಕ್ಯಾಪ್ಸೂಲ್ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಚರ್ಮದ ಔಷಧಿಗೂ ಇದಕ್ಕೂ ಏನು ಸಂಬಂಧ ಎಂದುಕೊಂಡು ನುಂಗಿದೆ. ನಾಲ್ಕನೆಯ ದಿನ ಅವರು ಹೋದರು. ಆಸ್ಪತ್ರೆಯ ವರಾಂಡದಲ್ಲಿ ನೀನು ಆ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು "ನಾನೇ ಕೊಟ್ಟೆ ಕಣಮ್ಮ, ಒಂದಿನಾನೂ ತಪ್ಪಿಸಲಿಲ್ಲ" ಎಂದು ಅತ್ತೆ. ನಾನು ನಿನ್ನ ತಲೆ ಸವರಿದೆ. ಸವರಿದೆನೇ ಹೊರತು ಇಲ್ಲ ಮಗಳೇ ಅನ್ನಲಿಲ್ಲ.

ಆರು ವರ್ಷ ನನಗೇನೂ ತಿಳಿದಿರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಓದಿ ತಿಳಿದಿರಲಿಲ್ಲ, ಆದರೆ ಒಳಗೆ ಏನೋ ತಿಳಿದಿತ್ತು. ಇಲ್ಲದಿದ್ದರೆ ಉಳಿದ ಕ್ಯಾಪ್ಸೂಲುಗಳನ್ನು ತಿಥಿಗೂ ಮೊದಲೇ ಕಾಲುವೆಗೆ ಯಾಕೆ ಹಾಕಿದೆ? ನಿಮ್ಮಪ್ಪ ಈ ಮನೆ ಬಿಟ್ಟು ಹೋಗಿಲ್ಲ ಮೌನಿಕಾ. ಜನ ಹೇಳುವ ದೆವ್ವದ ಕಥೆಯ ಹಾಗಲ್ಲ. ಹಾಡಹಗಲಲ್ಲಿ ಇರುತ್ತಾರೆ. ಹಣ್ಣು ಬಲಿತ ಮೇಲೆ ಗಾಳಿಯಿಲ್ಲದಿದ್ದರೂ ಒಂದೊಂದೇ ಉದುರುತ್ತದೆ. ನಾನು ಒಲೆಯ ಮುಂದೆ ಇರುತ್ತೇನೆ, ಹಿತ್ತಲಲ್ಲಿ ದೊಪ್ಪೆಂದು ಸದ್ದು. ರೊಪ್ಪದ ಹತ್ತಿರ ಅವರು ಕುಸಿದ ಸದ್ದು ಅದೇ. ಹಣ್ಣು ಎಂದು ಗೊತ್ತಿದ್ದರೂ ಪ್ರತಿ ಸಲವೂ ಓಡಿ ಹೋಗುತ್ತೇನೆ, ಸೌಟು ಕೈಯಲ್ಲೇ ಇರುತ್ತದೆ. ಒಡೆದ ಹಣ್ಣಿನ ಕೆಂಪು ಕಾಣಿಸುತ್ತದೆ. ಎತ್ತಿ ಹಾಕಲು ಕೈ ಬರುವುದಿಲ್ಲ, ಇರುವೆ ಮುತ್ತುವವರೆಗೆ ನಿಂತಿರುತ್ತೇನೆ. ಕುರಿಗಳು ಮರದ ಕೆಳಗೆ ಬಂದಾಗ ಕತ್ತೆತ್ತಿ ಒಂದೇ ಕಡೆ ನೋಡುತ್ತವೆ, ಅವರು ದೊಣ್ಣೆ ಊರಿ ನಿಲ್ಲುತ್ತಿದ್ದ ಕಡೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತರೆ ನನ್ನ ಉಗುರಿನಿಂದ ಸಿಪ್ಪೆಯ ವಾಸನೆ ಬರುತ್ತದೆ. ಆರು ವರ್ಷದಿಂದ ನಾನು ಆ ಹಣ್ಣನ್ನು ಮುಟ್ಟಿಲ್ಲ, ನಿನ್ನ ಚೀಲ ತುಂಬುವುದೂ ರಂಗೇಶನೇ. ಆದರೂ ವಾಸನೆ ಬರುತ್ತದೆ. ಅವರು ಒಂದೇ ಮಾತು ಹೇಳುತ್ತಾರೆ, ಬೈಯುವ ದನಿಯಲ್ಲೂ ಅಲ್ಲ, ಮೊದಲಿನ ದನಿಯಲ್ಲೇ: "ಇವು ನಿನ್ ಪಾಲು."

ಹೋದ ತಿಂಗಳು ನನಗೂ ಹಿರಿಯೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ನನಗೂ ಅದೇ ಮಾತ್ರೆ ಬರೆದರು. ರಂಗೇಶನ ತೋಳಿಗೂ ಹುಳುಕಡ್ಡಿ ಬಂದಿತ್ತು, ಅದೇ ಕ್ಯಾಪ್ಸೂಲ್ ಬರೆದಿದ್ದ ಅವನ ಚೀಟಿಯೂ ನನ್ನ ಕೈಯಲ್ಲೇ ಇತ್ತು. ಮೆಡಿಕಲ್ ಅಂಗಡಿಯಲ್ಲಿ ಶಾಲಿನಿ ಎಂಬ ಹೆಣ್ಣುಮಗಳು ಇದ್ದಾಳೆ, ಆ ಓದನ್ನೇ ಓದಿ ಬಂದವಳು. ಎರಡೂ ಚೀಟಿ ನೋಡಿ ಕೈ ನಿಲ್ಲಿಸಿದಳು. "ಅಮ್ಮಾ, ಇವೆರಡೂ ನಿಮಗೇನಾ?" ಅಲ್ಲ, ಕ್ಯಾಪ್ಸೂಲ್ ಮಗನಿಗೆ ಎಂದೆ. "ಸದ್ಯ. ಒಬ್ರೇ ಎರಡೂ ತಗಂಡ್ರೆ ಕೈಕಾಲಿನ ಮಾಂಸಾನೇ ಕರಗಿಬಿಡ್ತೈತೆ. ನೀವು ಚಕ್ಕೋತ ತಿಂತೀರಾ? ಅದನ್ನೂ ಬಿಡ್ಬೇಕು." ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಯಾಕೆ ಎಂದು ಬಿಡಿಸಿ ಹೇಳು ಎಂದೆ. ಅವಳು ನಮ್ಮ ಕಾಲುವೆಯನ್ನೇ ಹೋಲಿಸಿ ಹೇಳಿದಳು. ಮಾತ್ರೆ ದಿನಾ ಒಳಗೆ ಹೋಗುವ ನೀರಿನ ಹಾಗಂತೆ. ಕೆಲಸ ಮುಗಿಸಿ ಹರಿದು ಹೋಗಲು ಮೈಯಲ್ಲಿ ಒಂದು ತೂಬು ಇದೆಯಂತೆ. ಆ ಕ್ಯಾಪ್ಸೂಲ್ ತೂಬನ್ನು ಮುಚ್ಚುತ್ತದೆ. ಚಕ್ಕೋತವೂ ಮುಚ್ಚುತ್ತದೆ. ನೀರು ಬರುವುದು ಬರುತ್ತಲೇ ಇರುತ್ತದೆ, ಹೋಗುವ ದಾರಿ ಇಲ್ಲ, ಏರಿ ಒಡೆದು ಬೆಳೆಯ ಮೇಲೆ ಹರಿಯುತ್ತದೆ. "ನೀರಿನ ತಪ್ಪಲ್ಲಮ್ಮ ಅದು, ತೂಬು ಮುಚ್ಚಿದ್ದು ತಪ್ಪು" ಎಂದಳು. ಅವಳಿಗೇನು ಗೊತ್ತು ಪಾಪ, ಯಾರ ಮುಂದೆ ಹೇಳುತ್ತಿದ್ದೇನೆ ಎಂದು.

ಈಗ ತಿಳಿಯಿತೇ? ನೀನು ಕೊಟ್ಟದ್ದು ನೀರು. ಏಳು ತಿಂಗಳು ಅದು ಅವರನ್ನು ಕಾಪಾಡಿತು. ತೂಬು ಮುಚ್ಚಿದವಳು ನಾನು, ಬೆಳಿಗ್ಗೆ ಕ್ಯಾಪ್ಸೂಲಿನಿಂದ, ಆಮೇಲೆ ಹಣ್ಣಿನಿಂದ, ಸಂಜೆ ಮತ್ತೆ ಕ್ಯಾಪ್ಸೂಲಿನಿಂದ. ನಿಮ್ಮಪ್ಪನ ಸಾವಿನಲ್ಲಿ ನಿನ್ನ ಪಾಲು ಇಲ್ಲ. ಒಂದು ತೊಳೆಯಷ್ಟೂ ಇಲ್ಲ.

ಆದ್ದರಿಂದ ಈ ವರ್ಷ ನಿನಗೆ ಹಣ್ಣು ಕಳಿಸಲಿಲ್ಲ. ಹಟ್ಟಿಯಲ್ಲಿ ಕೇಳಿ ಬಂದವರಿಗೆ ಮಾತ್ರೆಯ ವಿಚಾರ ಕೇಳದೆ ಒಂದು ಹಣ್ಣೂ ಕೊಡುತ್ತಿಲ್ಲ. ಪಕ್ಕದ ಮನೆಯ ಪಾಪಣ್ಣ "ಏನಕ್ಕಾ, ಹಣ್ಣು ಈಸ್ಕಣಾಕೂ ಡಾಕ್ಟ್ರ ಚೀಟಿ ತರಬೇಕೇನು?" ಎಂದು ನಕ್ಕ. ತಗೊಂಡು ಬಾ ಎಂದೆ. ಆಮೇಲೆ ನೋಡಿದರೆ ಅವನೂ ಅದೇ ಮಾತ್ರೆಯವನು. ಬೈದು ಕಳಿಸಿದೆ, ಎರಡು ಸೀತಾಫಲ ಕೊಟ್ಟು. ಮರವನ್ನು ಕಡಿಸು ಎಂದು ರಂಗೇಶ್ ಹೇಳುತ್ತಾನೆ. ಕಡಿಸುವುದಿಲ್ಲ. ಮರ ಏನು ಮಾಡಿತು? ಆ ಸದ್ದು ನನಗೆ ಬರಬೇಕಾದದ್ದೇ, ಬರಲಿ.

ನಾನು ನನ್ನ ಮಾತ್ರೆಯನ್ನು ಇಪ್ಪತ್ತು ದಿನದಿಂದ ನುಂಗುತ್ತಿದ್ದೇನೆ, ಹಣ್ಣು ಮುಟ್ಟದೆ. ತೊಡೆ ನೋಯುತ್ತದೆಯೇ ಎಂದು ದಿನಾ ಒತ್ತಿ ನೋಡಿಕೊಳ್ಳುತ್ತೇನೆ. ಏನೂ ಆಗಿಲ್ಲ. ನಿನಗಿಂತ ಮೊದಲು ನಾನು ನುಂಗಿ ನೋಡಿದ್ದೇನೆ ಎಂದು ತಿಳಿದುಕೋ. ಮೈಕೈ ನೋವು ಬಂದರೆ, ಮೂತ್ರದ ಬಣ್ಣ ತಿರುಗಿದರೆ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು ಎಂದು ಶಾಲಿನಿ ಹೇಳಿದ್ದಾಳೆ. ಸರದಿ, ಹಬ್ಬ, ಜನ ಏನಂತಾರೆ, ಯಾವುದನ್ನೂ ನೋಡಬೇಡ.

ಪ್ರೀತಿಗೆ ನನ್ನ ಮುತ್ತು, ಅವಳ ಮರಿ ಅವಳಿಗಾಗಿ ಕಾದಿದೆ ಎಂದು ಹೇಳು. ಅಳಿಯಂದಿರಿಗೆ, ಜಯಕ್ಕನವರಿಗೆ ನಮಸ್ಕಾರ ತಿಳಿಸು. ನಿನ್ನ ಕೈಬಳೆ, ನಿನ್ನ ಉಸಿರು, ನಿನ್ನ ಮನೆ ಗಟ್ಟಿಯಾಗಿರಲಿ. ನಿಮ್ಮಪ್ಪನಿಗೆ ಸಿಗದ ವರ್ಷಗಳು ನಿನಗೆ ಸಿಗಲಿ.

ಇಂತಿ ನಿನ್ನ ತಾಯಿ,
ಉಚ್ಚಂಗೆಮ್ಮ

ಮರೆತದ್ದು: ಪತ್ರ ಒಯ್ಯಲು ರಂಗೇಶ್ ಬೈಕ್ ಶುರು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ. ಅಷ್ಟು ಪುಟ ಬರೆದರೂ ಇದೊಂದಕ್ಕೆ ಕೈ ಬರಲಿಲ್ಲ. ಓದಿ ಮುಗಿಸಿದ ಕೂಡಲೇ ನೀನು ಕೇಳುವುದು ಏನು ಎಂದು ನನಗೆ ಗೊತ್ತು. ಬೇರೆ ಮಾತ್ರೆ ತಗೊಳ್ಳುತ್ತೀರಾ ಎಂದು ಆ ಚರ್ಮದ ಡಾಕ್ಟರು ಕೇಳಲಿಲ್ಲವೇ? ಕೇಳಿದರು. ಮೊದಲು ಚೀಟಿ ಬರೆಯುವ ಹೆಂಗಸು ಬೆಂಚಿನ ಹತ್ತಿರವೇ ಬಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು. "ಯಜಮಾನರ ಹೆಸರೇನ್ರಿ?" ಚಿತ್ತಯ್ಯ ಎಂದು ಅವರೇ ಹೇಳಿದರು. "ಶುಗರ್ ಐತಾ, ಬಿಪಿ ಐತಾ? ಹಾರ್ಟಿಂದು, ಕೊಲೆಸ್ಟ್ರಾಲ್‌ದು ಮಾತ್ರೆ ಏನಾರ ತಗಂತೀರಾ?" ಅವರು ಬಾಯಿ ತೆರೆದರು. ಜಯಕ್ಕನವರು ನನ್ನ ಬಲಕ್ಕೆ ಮೊಣಕೈ ತಗಲುವಷ್ಟು ಹತ್ತಿರ ಕೂತಿದ್ದರು. ನಾನು ಮುಂಚೆ ಹೇಳಿದೆ: "ನಮ್ ಮನ್ಯಾಗೆ ಮಾತ್ರೆ ನುಂಗೋರು ಯಾರೂ ಇಲ್ಲ ಕಣಮ್ಮ." ಅದನ್ನು ಕೇಳಿಯೇ ಜಯಕ್ಕನವರು ನಿನ್ನನ್ನು ಒಪ್ಪಿದ್ದು. ಒಳಗೆ ಹೋದ ಮೇಲೆ ಡಾಕ್ಟರು ಇನ್ನೊಂದು ಸಲ ಕೇಳಿದರು. ಅಲ್ಲಿ ಜಯಕ್ಕನವರು ಇರಲಿಲ್ಲ, ಯಾರೂ ಇರಲಿಲ್ಲ. ಹೇಳಬಹುದಿತ್ತು. ಹೊರಗೆ ಇಲ್ಲ ಎಂದವಳು ಒಳಗೆ ಹೌದು ಎನ್ನುವುದು ಹೇಗೆ ಎಂದು ಆಗಲೂ ಇಲ್ಲ ಎಂದೆ. ನಿಮ್ಮಪ್ಪ ನನ್ನ ಮುಖ ನೋಡಿದರು. ಇನ್ನೊಬ್ಬರ ಎದುರಿಗೆ ಎಂದೂ ನನ್ನ ಮಾತು ತೆಗೆದುಹಾಕಿದವರಲ್ಲ. ಅಂದೂ ತೆಗೆದುಹಾಕಲಿಲ್ಲ.

ಈ ವಾರವೇ ದುರ್ಗಕ್ಕೆ ಹೋಗು. ಡಾಕ್ಟರು ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳು, ಕೇಳದಿದ್ದರೂ ಹೇಳು. ಅಪ್ಪನಿಗೆ ಎದೆ ಬೇನೆ ಇತ್ತು, ಹೀಗೆ ಹೋದರು, ಅಮ್ಮ ಮುಚ್ಚಿಟ್ಟಳು ಎನ್ನು. ಪಕ್ಕದಲ್ಲಿ ಯಾರು ಕೂತಿದ್ದರೂ ಸರಿ. ಕೊಟ್ಟ ಮಾತ್ರೆಯನ್ನು ನುಂಗು. ಹೊರಡುವ ಮೊದಲು ಈ ಪತ್ರವನ್ನು ಜಯಕ್ಕನವರಿಗೆ ಓದಿ ಹೇಳು. ಅವರಿಗೆ ಕಿವಿ ಮಂದ. ಗಟ್ಟಿಯಾಗಿ ಓದು.